ಹೇವರ್ಡ್‌ನಲ್ಲಿ ಎಡಗೈ ಎತ್ತಿದವರು

ವಿಮಾನ ನಿಲ್ದಾಣ

ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿಬಂದವರು ಅಲ್ಲಿನ ಕೆಂಪು ಸೇತುವೆಯ ಬಗ್ಗೆ ಎರಡು ಪುಟ ಬರೆಯದೆ ಬಿಡುವುದಿಲ್ಲ. ನನ್ನಿಂದ ಅದನ್ನು ನಿರೀಕ್ಷಿಸಬೇಡಿ. ಎರಡು ಸಲ ನೋಡಲು ಹೋದೆ, ಎರಡು ಸಲವೂ ಸೇತುವೆ ಮಂಜಿನೊಳಗೆ ಇತ್ತು. ಅದೂ ಆಗಸ್ಟ್ ತಿಂಗಳಲ್ಲಿ! ಬೇಸಿಗೆ ಎಂದು ಹತ್ತಿ ಸೀರೆ ಉಟ್ಟುಕೊಂಡು ಹೋಗಿ ಹಲ್ಲು ಕಟಕಟಿಸುತ್ತ ಬಂದೆ. ಅಮೆರಿಕ ನನ್ನನ್ನು ಸತಾಯಿಸಲು ಶುರುಮಾಡಿದ್ದು ಮಾತ್ರ ಅದಕ್ಕೂ ಮುಂಚೆ, ವಿಮಾನ ನಿಲ್ದಾಣದಲ್ಲೇ.

ಕಸ್ಟಮ್ಸಿನವನು ಪೆಟ್ಟಿಗೆ ತೆರೆಸಿದ. ಮೇಲೆ ಸೀರೆಗಳು, ಕೆಳಗೆ ಸೆಣಬಿನ ಹುರಿಯಲ್ಲಿ ಬಿಗಿದ ಕಾಗದದ ಕಟ್ಟುಗಳು.

"ಇದೇನು?"

"ಸಂಶೋಧನೆ," ಎಂದೆ.

ಅವನು ಒಂದು ಕಟ್ಟನ್ನು ಎತ್ತಿ ಮೂಸಿ ನೋಡಿ, "ಇದರಲ್ಲಿ ತಿನ್ನುವ ಪದಾರ್ಥ ಏನೂ ಇಲ್ಲವಲ್ಲ?" ಎಂದ.

ನಾನು ಹಾಸನದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ ಗಣಿತದ ಟೀಚರು. ಹೇವರ್ಡ್ ಎಂಬ ಊರಿನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ವಿಷಯದಲ್ಲಿ ಎಂ.ಎ. ಮಾಡಲು ನಮ್ಮ ಆಡಳಿತ ಮಂಡಳಿ ನನಗೆ ಒಂದು ವರ್ಷದ ರಜೆ ಕೊಟ್ಟಿತ್ತು. ಕೊಡುವಾಗ ಅಧ್ಯಕ್ಷರು ಒಂದು ಮಾತು ಹೇಳಿದ್ದರು. "ನೋಡಿ ಪದ್ಮಾವತಿಯವರೇ, ನೀವು ಡಿಗ್ರಿ ತಗೊಂಡು ಬಂದ್ರೆ ಮುಂದಿನ ಸಲ ಗಿರಿಜಾನ ಕಳಿಸ್ತೀವಿ. ಬರಿಗೈಲಿ ಬಂದ್ರೆ ಈ ಬಾಬತ್ತು ಇಲ್ಲಿಗೇ ಮುಗೀತು." ಗಿರಿಜಾ ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನಂತೆಯೇ ಗಣಿತದವಳು. ನನ್ನನ್ನು ಬೀಳ್ಕೊಡಲು ಬೆಂಗಳೂರಿನವರೆಗೂ ಬಂದವಳು, "ಅಕ್ಕ, ನನ್ನ ದಾರಿ ನಿಮ್ಮ ಕೈಲಿದೆ," ಎಂದು ನಗುತ್ತ ಹೇಳಿದ್ದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಅದಕ್ಕೇ ನಾನು ಯಾವ ಅಪಾಯಕ್ಕೂ ಆಸ್ಪದ ಕೊಡಬಾರದೆಂದು ಸಂಶೋಧನೆಯನ್ನು ಊರಿನಿಂದಲೇ ಕಟ್ಟಿಕೊಂಡು ಹೋಗಿದ್ದೆ. ಪ್ರಶ್ನಾವಳಿ ಸೈಕ್ಲೋಸ್ಟೈಲ್ ಮಾಡಿಸಿ, ಜಿಲ್ಲೆಯ ಶಾಲೆ ಶಾಲೆಗೆ ಅಲೆದು, ಗಣಿತದ ಬಗ್ಗೆ ಹುಡುಗಿಯರ ಮನೋಭಾವವೇನೆಂದು ತುಂಬಿಸಿ ತಂದಿದ್ದೆ. ಅಲ್ಲಿ ಹೋಗಿ ಶೇಕಡಾವಾರು ಲೆಕ್ಕ ಹಾಕಿ ಟೈಪು ಮಾಡಿಸಿ ಬೈಂಡು ಹಾಕಿಸುವುದಷ್ಟೇ ಬಾಕಿ ಎಂದುಕೊಂಡಿದ್ದೆ.

ಎವರ್‌ಗ್ರೀನ್

ನಾನು ಉಳಿದುಕೊಂಡದ್ದು ಸ್ಯಾನ್ ಹೋಸೆ ಊರಿನ ಅಂಚಿನ ಎವರ್‌ಗ್ರೀನ್ ಎಂಬಲ್ಲಿ, ನನ್ನ ಚಿಕ್ಕಮ್ಮನ ಮಗಳು ಶಾರದೆಯ ಮನೆಯಲ್ಲಿ. ಎವರ್‌ಗ್ರೀನ್ ಎಂದು ಹೆಸರಿಟ್ಟವರು ಯಾರೋ ತಿಳಿಯದು. ನಾನು ಹೋದಾಗ ಹಿಂದಿನ ಗುಡ್ಡಗಳೆಲ್ಲ ನಮ್ಮ ಅರಸೀಕೆರೆ ಕಡೆಯ ಏಪ್ರಿಲ್ ತಿಂಗಳಂತೆ ಒಣಗಿ ಹಳದಿಯಾಗಿದ್ದವು. ಅದನ್ನು ಹೇಳಿದರೆ ಶಾರದೆಗೆ ಕೋಪ. "ಹಳದಿ ಅಲ್ಲಕ್ಕ, ಅದನ್ನ ಇಲ್ಲಿ ಗೋಲ್ಡನ್ನು ಅಂತಾರೆ."

ಬೆಳಿಗ್ಗೆ ಶಾರದೆಯ ಗಂಡ ಆಫೀಸಿಗೆ ಹೋಗುವಾಗ ನನ್ನನ್ನು ಫ್ರೀಮಾಂಟಿನ ರೈಲು ನಿಲ್ದಾಣದಲ್ಲಿ ಇಳಿಸುತ್ತಿದ್ದರು. ಫ್ರೀವೇ ಮೇಲೆ ಕಾರುಗಳು ಒಂದಕ್ಕೊಂದು ಹಾರನ್ ಹೊಡೆಯದೆ ನಿಂತಿರುವುದನ್ನು ನೋಡಿ ಮೊದಲ ದಿನ ನನಗೆ ಯಾರೋ ಸತ್ತಿದ್ದಾರೆ ಅನ್ನಿಸಿತು. ಹೇವರ್ಡ್‌ನಲ್ಲಿ ರೈಲಿಳಿದು ಬಸ್ಸು ಹತ್ತಬೇಕು. ವಿಶ್ವವಿದ್ಯಾಲಯ ಗುಡ್ಡದ ನೆತ್ತಿಯ ಮೇಲಿದೆ. ಮೊದಲ ದಿನ ಬಸ್ಸು ನನ್ನ ಸ್ಟಾಪಿನಲ್ಲಿ ನಿಲ್ಲದೆ ಮುಂದೆ ಹೊರಟಿತು. ಕಿಟಕಿಯ ಮೇಲಿನ ದಾರ ಎಳೆದು ಗಂಟೆ ಬಾರಿಸಬೇಕೆಂದು ನನಗೇನು ಗೊತ್ತು? ಊರಿನ ಅಭ್ಯಾಸದಲ್ಲಿ ಎದ್ದು ನಿಂತು, "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ಗಾಬರಿಯಾಗಿ ಕಂಬಿಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಬಸ್ಸು ನಿಲ್ಲಲಿಲ್ಲ.

ಗುಡ್ಡದ ಮೇಲೆ

ನನ್ನ ಮಾರ್ಗದರ್ಶಕಿಯ ಹೆಸರು ಜೋನ್. ಅರವತ್ತರ ಹತ್ತಿರದ ಹೆಂಗಸು, ಬೆಳ್ಳಗಿನ ಗಿಡ್ಡ ಕೂದಲು, ಕಾಲಿಗೆ ಓಟಗಾರರ ಬೂಟು. ಪ್ರೊಫೆಸರ್ ಎನ್ನಬೇಡ, ಜೋನ್ ಅನ್ನು ಎಂದು ಅವರು ಹೇಳುವುದು; ನನ್ನ ನಾಲಿಗೆ ಹೊರಳದೆ "ಮೇಡಂ" ಎನ್ನುವುದು. ವರ್ಷಪೂರ್ತಿ ಈ ಹಗ್ಗಜಗ್ಗಾಟ ನಡೆಯಿತು.

ನಾನು ಕಾಗದದ ಕಟ್ಟುಗಳನ್ನು ಅವರ ಮೇಜಿನ ಮೇಲಿಟ್ಟೆ. ಅವರು ಪ್ರಶ್ನಾವಳಿಯನ್ನು ತಾಳ್ಮೆಯಿಂದ ಓದಿದರು. ಕೊನೆಗೆ ಕೇಳಿದರು: "ಈ ಹುಡುಗಿಯರಲ್ಲಿ ನಿನ್ನ ವಿದ್ಯಾರ್ಥಿಗಳು ಯಾರು?"

"ಯಾರೂ ಇಲ್ಲ ಮೇಡಂ. ಪಕ್ಷಪಾತ ಆಗಬಾರದಲ್ಲ."

"ನಮ್ಮಲ್ಲಿ ಟೀಚರು ತನ್ನ ಕೆಲಸವನ್ನೇ ಸಂಶೋಧನೆ ಮಾಡಬೇಕು. ನಿನ್ನ ತರಗತಿ, ನಿನ್ನ ಪಾಠ, ಅದರಲ್ಲಿ ನಿನ್ನನ್ನು ಕಾಡುವ ಒಂದು ಪ್ರಶ್ನೆ."

"ನನ್ನ ತರಗತಿ ಹಾಸನದಲ್ಲಿದೆ."

"ಹಾಗಾದರೆ ಇಲ್ಲೊಂದು ಹುಡುಕೋಣ," ಎಂದು ಅವರು ಟೆಲಿಫೋನ್ ಎತ್ತಿದರು. ಜಿಲ್ಲೆಯೆಲ್ಲ ಅಲೆದು ತಂದ ನನ್ನ ಸಂಶೋಧನೆ ಅಷ್ಟರಲ್ಲೇ ರದ್ದಿಯಾಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸಂಜೆಯ ತರಗತಿ ಇನ್ನೂ ವಿಚಿತ್ರ. ಹಗಲೆಲ್ಲ ಶಾಲೆಗಳಲ್ಲಿ ಪಾಠ ಮಾಡಿ ದಣಿದ ಟೀಚರುಗಳು ಸುತ್ತ ಕುರ್ಚಿ ಹಾಕಿಕೊಂಡು, ಕಾಫಿ ಕುಡಿಯುತ್ತ, ಆ ವಾರ ತಮ್ಮ ಪಾಠದಲ್ಲಿ ಏನು ಕೆಟ್ಟಿತು ಎಂದು ಹೇಳಿಕೊಳ್ಳುತ್ತಿದ್ದರು. ಒಬ್ಬಳು ಅತ್ತೇಬಿಟ್ಟಳು. ಉಳಿದವರು ಅದನ್ನೂ ಬರೆದುಕೊಂಡರು! ನಮ್ಮಲ್ಲಿ ಸ್ಟಾಫ್ ರೂಮಿನಲ್ಲಿ ಯಾರಾದರೂ, "ನನ್ನ ಪಾಠ ಮಕ್ಕಳಿಗೆ ಹತ್ತಲಿಲ್ಲ," ಎಂದು ಬಾಯಿಬಿಟ್ಟರೆ ಸಂಜೆಯೊಳಗೆ ಹೆಡ್‌ಮಿಸ್ಟ್ರೆಸ್ ಕಿವಿಗೆ ಬೀಳುತ್ತದೆ. ನನ್ನ ಸರದಿ ಬಂದಾಗಲೆಲ್ಲ, "ಎಲ್ಲ ಚೆನ್ನಾಗಿ ನಡೆಯುತ್ತಿದೆ," ಎಂದು ಹೇಳಿ ಕೂತುಬಿಡುತ್ತಿದ್ದೆ. ಜೋನ್ ಮುಖ ಸಣ್ಣದು ಮಾಡುತ್ತಿದ್ದರು.

ನಾನು ಬರೆದುಕೊಟ್ಟ ಪ್ರಸ್ತಾವನೆ ಪದೇಪದೇ ವಾಪಸು ಬರುತ್ತಿತ್ತು. "ಗಮನಿಸಲಾಯಿತು" ಎಂದು ಬರೆದರೆ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ "ಯಾರು ಗಮನಿಸಿದ್ದು?" "ಕಂಡುಬಂದಿತು" ಎಂದರೆ "ಯಾರಿಗೆ?" ಸಂಶೋಧನೆಯಲ್ಲಿ 'ನಾನು' ಎಂಬ ಪದ ಬಂದರೆ ಮೈಸೂರಿನ ನಮ್ಮ ಮೇಷ್ಟರುಗಳು ಪುಟವನ್ನೇ ಹರಿದುಹಾಕುತ್ತಿದ್ದರು. ಇಲ್ಲಿ ಅದಿಲ್ಲದಿದ್ದರೆ ನಡೆಯದು. ಕ್ರಿಸ್‌ಮಸ್ಸಿನ ಹೊತ್ತಿಗೆ ಜೋನ್ ಗಡುವು ಕೊಟ್ಟರು. ಜನವರಿಯಲ್ಲಿ ನನ್ನ ಪಾಠ ನೋಡಲು ಬರುತ್ತಾರೆ. ಅದಾದ ಮೇಲೆ ಪ್ರಸ್ತಾವನೆ ಒಪ್ಪಿಗೆಯಾಗಬೇಕು. ಇಲ್ಲದಿದ್ದರೆ ಜೂನಿಗೆ ಡಿಗ್ರಿ ಮುಗಿಯುವುದಿಲ್ಲ. ಜೂನಿಗೆ ನನ್ನ ರಜೆ ಮುಗಿಯುತ್ತದೆ. ಗಿರಿಜಾಳ ದಾರಿಯೂ.

ಗುಡ್ಡದ ಕೆಳಗೆ

ಜೋನ್ ಹುಡುಕಿಕೊಟ್ಟದ್ದು ಗುಡ್ಡದ ಕೆಳಗೆ, ಗೋದಾಮುಗಳ ಪಕ್ಕದ ಒಂದು ಹೈಸ್ಕೂಲಿನ ಒಂಬತ್ತನೇ ತರಗತಿ. ಬೀಜಗಣಿತದಲ್ಲಿ ಒಮ್ಮೆ ಫೇಲಾದವರು. ಅವರ ಟೀಚರು ವಾರಕ್ಕೆ ಎರಡು ಪೀರಿಯಡ್ಡು ನನಗೆ ಒಪ್ಪಿಸಿ, ಮಗುವನ್ನು ಅಜ್ಜಿಗೆ ಕೊಟ್ಟ ತಾಯಿಯಷ್ಟು ನಿರಾಳವಾಗಿ ಕಾಫಿಗೆ ಹೋಗುತ್ತಿದ್ದರು.

ತರಗತಿಯಲ್ಲಿ ಒಬ್ಬ ಟೋಪಿ ತೆಗೆಯುವುದಿಲ್ಲ. ಒಬ್ಬ ಮುಂದಿನ ಕುರ್ಚಿಯ ಮೇಲೆ ಬೂಟುಗಾಲು ಚಾಚಿಕೊಂಡಿರುತ್ತಾನೆ. ಪಾಠದ ಮಧ್ಯೆ ಪೊಟ್ಟಣ ಹರಿದು ಆಲೂಗೆಡ್ಡೆ ಚಿಪ್ಸು ತಿನ್ನುತ್ತಾರೆ, ಅದೂ ನನಗೂ ಒಂದು ಕೊಡಲು ಬರುತ್ತಾರೆ. ಪದ್ಮಾವತಿ ಎಂಬ ಹೆಸರು ಒಂದೇ ವಾರದಲ್ಲಿ "ಮಿಸ್ ಪಿ" ಆಗಿ ಸವೆಯಿತು. ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ತಲೆಯಾಟ. "ಅರ್ಥವಾಯಿತೇ?" ಎಂದರೆ ಎಲ್ಲರೂ ತಲೆ ಆಡಿಸುವುದು, ಲೆಕ್ಕ ಕೊಟ್ಟರೆ ಎಲ್ಲರೂ ಕಿಟಕಿ ನೋಡುವುದು. ಕಿಟಕಿಯ ಪಕ್ಕ ಯೊಲಾಂಡಾ ಎಂಬ ಹುಡುಗಿ ಕೂರುತ್ತಿದ್ದಳು. ಅವರ ಮನೆಯವರು ಮೆಕ್ಸಿಕೊದಿಂದ ಬಂದವರು. ಅವಳು ತಲೆಯನ್ನೂ ಆಡಿಸುತ್ತಿರಲಿಲ್ಲ, ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಜೋನ್ ಬರುವ ದಿನ ಹತ್ತಿರವಾದಂತೆ ನನಗೆ ಅನ್ನ ರುಚಿಸದಾಯಿತು. ಆಗ ನಮ್ಮ ಕಡೆಯ ಯಾವ ಟೀಚರಾದರೂ ಮಾಡುವುದನ್ನೇ ನಾನೂ ಮಾಡಿದೆ. ಇನ್ಸ್‌ಪೆಕ್ಷನ್ನಿಗೆ ಸಿದ್ಧತೆ!

ನಮ್ಮಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಏನೇನಾಗುತ್ತದೆ ಎಂದು ಓದುಗರಿಗೆ ಹೇಳಬೇಕಿಲ್ಲ. ಗೋಡೆಗೆ ಹೊಸ ಚಾರ್ಟು, ಮೇಜಿಗೆ ಹೂದಾನಿ, ಹಿಂದಿನ ವಾರವೇ ಮುಗಿದ ಪಾಠ ಮತ್ತೆ ಹೊಸದಾಗಿ. ಅದರಲ್ಲೆಲ್ಲ ಬಹಳ ಉಪಯೋಗಕ್ಕೆ ಬರುವುದು ಕೈ ಎತ್ತುವ ಏರ್ಪಾಡು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ಕೂತ ಇನ್ಸ್‌ಪೆಕ್ಟರಿಗೆ ಕಾಣುವುದು ಕೈಗಳ ಕಾಡು. ಟೀಚರಿಗೆ ಮಾತ್ರ ಯಾರನ್ನು ಎಬ್ಬಿಸಬೇಕೆಂದು ಗೊತ್ತು.

ಇದನ್ನು ಹೇವರ್ಡ್ ಮಕ್ಕಳಿಗೆ ಹೇಳಿಕೊಟ್ಟೆ. ಟೋಪಿಯವನು ಟೋಪಿ ತೆಗೆದು ಕೇಳಿದ. ಬೂಟಿನವನು ಕಾಲಿಳಿಸಿದ. ಅಷ್ಟು ಶ್ರದ್ಧೆಯಿಂದ ಅವರು ನನ್ನಿಂದ ಬೇರೇನನ್ನೂ ಕಲಿತಿರಲಿಲ್ಲ.

ಇನ್ಸ್‌ಪೆಕ್ಷನ್ನಿನ ದಿನ

ಜೋನ್ ಹಿಂದಿನ ಸಾಲಿನಲ್ಲಿ ಕೂತರು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಪ್ರಶ್ನೆ ಕೇಳಿದೆ, ಎಲ್ಲ ಕೈಗಳೂ ಎದ್ದವು. ಬಲಗೈಯವನೊಬ್ಬನನ್ನು ಎಬ್ಬಿಸಿದೆ, ಸರಿಯುತ್ತರ. ಮತ್ತೆ ಪ್ರಶ್ನೆ, ಮತ್ತೆ ಕಾಡು, ಮತ್ತೆ ಸರಿಯುತ್ತರ. ಹಾಸನದಲ್ಲೂ ಇಷ್ಟು ಸೊಗಸಾಗಿ ನಡೆದಿರಲಿಲ್ಲ. ಜೂನ್ ತಿಂಗಳು ನನ್ನ ಕಣ್ಣೆದುರಿಗೆ ಬಂದು ನಿಂತಿತು.

ಆಗ ಯೊಲಾಂಡಾಳ ಕೈ ಕಣ್ಣಿಗೆ ಬಿತ್ತು. ಎಲ್ಲರೂ ಇಳಿಸಿದರೂ ಅವಳು ಇಳಿಸಿರಲಿಲ್ಲ. ಎಡಗೈ. ನಾನು ಕಂಡೂ ಕಾಣದಂತೆ ಬೋರ್ಡಿನ ಕಡೆ ತಿರುಗಿದೆ.

"ಮಿಸ್ ಪಿ, ನನ್ನ ಕೈ ಎತ್ತಿಯೇ ಇದೆ," ಎಂದಳು.

"ಆಮೇಲೆ ನೋಡೋಣ."

"ಆಗಿನಿಂದ ಎಡಗೈ ಎತ್ತಿದ್ದೇನೆ. ನೀವು ಬಲಗೈಯವರನ್ನೇ ಕೇಳುತ್ತಿದ್ದೀರಿ. ಗೊತ್ತಿಲ್ಲದವರು ಎಡಗೈ ಎತ್ತಿ ಎಂದು ನೀವೇ ಹೇಳಿದ್ದಲ್ಲವೇ? ಎತ್ತಿದ್ದಾಯಿತು. ಈಗ ನಮಗೆ ಯಾವಾಗ ಹೇಳಿಕೊಡುತ್ತೀರಿ?"

ಬೂಟಿನವನು ತಾನೂ ಎಡಗೈಯವನೇ ಎಂದ. ಇನ್ನೂ ಕೆಲವರು ಗೊಣಗಿದರು. ಪಾಪ, ಅವರಿಗೆ ಅದು ಮೋಸದ ಏರ್ಪಾಡು ಎಂದೇ ಹೊಳೆದಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳಿಕೊಡಲು ಮಿಸ್ ಪಿ ಹೂಡಿದ ಹೊಸ ಉಪಾಯ ಎಂದು ನಂಬಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೇಗೋ ಗಂಟೆ ಹೊಡೆಯಿತು.

ಕಾರಿಡಾರಿನಲ್ಲಿ ಜೋನ್‌ಗೆ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

"ಯಾರು ಯಾರು ಎಡಗೈ ಎತ್ತಿದರು, ನೆನಪಿದೆಯೇ?"

ಒಬ್ಬೊಬ್ಬರ ಹೆಸರನ್ನೂ ಹೇಳಿದೆ.

"ಇಷ್ಟು ತಿಂಗಳಲ್ಲಿ ಇದು ನಿನಗೆ ಮುಂಚೆ ಗೊತ್ತಿತ್ತೇ?"

"ಇಲ್ಲ. ಎಲ್ಲರೂ ತಲೆ ಆಡಿಸುತ್ತಿದ್ದರಲ್ಲ."

"ಹಾಗಾದರೆ ಆ ಹುಡುಗಿ ಕೇಳಿದಳಲ್ಲ, ಅದೇ ನಿನ್ನ ಸಂಶೋಧನೆಯ ಪ್ರಶ್ನೆ. ಬರೆದುಕೊಂಡು ಬಾ."

ನನಗೆ ತಲೆ ಕೆಟ್ಟುಹೋಯಿತು. ಕಷ್ಟಪಟ್ಟು ಮಾಡಿದ ಪ್ರಶ್ನಾವಳಿ ಬೇಡವಂತೆ, ಇನ್ಸ್‌ಪೆಕ್ಟರ ಕಣ್ಣಿಗೆ ಮಣ್ಣೆರಚುವ ವಿದ್ಯೆ ಪ್ರಬಂಧವಾಗುತ್ತದಂತೆ! ಆದರೂ ಬರೆದುಕೊಟ್ಟೆ. ಮೊದಲ ಬಾರಿಗೆ ಹಸಿರು ಶಾಯಿ ಇಲ್ಲದೆ ವಾಪಸು ಬಂತು.

ಶಾರದೆಯ ಅಡುಗೆಮನೆ

ಅಲ್ಲಿಂದ ಮುಂದೆ ಕೈಗಳೇ ನನ್ನ ಕೆಲಸ. ಪ್ರತಿ ಪಾಠಕ್ಕೂ ಬಲಗೈ, ಎಡಗೈ. ಎಡಗೈಯವರಿಗೆ ಮತ್ತೊಮ್ಮೆ ವಿವರಿಸುವುದು, ಅದನ್ನು ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸುವುದು, ಮನೆಗೆ ಬಂದು ಕೇಳಿ ಒಂದೊಂದು ಮಾತನ್ನೂ ಬರೆದಿಳಿಸುವುದು. ನಮ್ಮ ಧ್ವನಿಯನ್ನು ನಾವೇ ಕೇಳುವಂಥ ಶಿಕ್ಷೆ ಇನ್ನೊಂದಿಲ್ಲ.

ಒಂದು ದಿನ ಶಾರದೆ ಒಗ್ಗರಣೆ ಹಾಕುತ್ತ ಟೇಪು ಕೇಳಿಸಿಕೊಳ್ಳುತ್ತಿದ್ದಳು.

"ಅಕ್ಕ, ಇದು ಮೊದಲು ಹೇಳಿದ್ದಾ, ಆಮೇಲೆ ಹೇಳಿದ್ದಾ?"

"ಆಮೇಲೆ. ಗೊತ್ತಿಲ್ಲದೋರಿಗೆ ವಿವರಿಸ್ತಿರೋದು ಕಣೆ."

"ವಿವರಿಸೋದೆಲ್ಲಿ ಬಂತು? ಅದೇ ಮಾತು ಜೋರಾಗಿ ಹೇಳಿದೀಯ, ಅಷ್ಟೇ. ನನ್ನ ಮಗನಿಗೆ ನಾನೂ ಕನ್ನಡ ಹಂಗೇ ಕಲಿಸ್ತೀನಿ. ಅವನು 'ವಾಟ್, ಅಮ್ಮ?' ಅಂತಾನೆ, ನಾನು ಇನ್ನೂ ಜೋರಾಗಿ ಕಿರುಚ್ತೀನಿ."

ಕೋಪ ಬಂತು, ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಅವಳು ಹೇಳಿದ್ದು ನಿಜ. ಮಾರನೆಯ ಪಾಠದಲ್ಲಿ ವಿವರಿಸುವುದನ್ನು ಬಿಟ್ಟು ಯೊಲಾಂಡಾಳನ್ನು, "ಎಲ್ಲಿಯವರೆಗೆ ಗೊತ್ತಾಯಿತು?" ಎಂದು ಕೇಳಿದೆ. ಅವಳು ಬೋರ್ಡಿಗೆ ಬಂದು ಸಮೀಕರಣದ ಮಧ್ಯದಲ್ಲಿ ಬೆರಳಿಟ್ಟಳು. "ಈ ಕಡೆ ಇದ್ದ ಪ್ಲಸ್ ಐದು ಆ ಕಡೆಗೆ ಹೋಗಿ ಮೈನಸ್ ಐದಾಯಿತು ಎಂದಿರಿ. ದಾರಿಯಲ್ಲಿ ಅದಕ್ಕೇನಾಯಿತು?" ಹದಿನೆಂಟು ವರ್ಷ ಪಾಠ ಮಾಡಿದ್ದೇನೆ, ಇದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಅದು ದಾಟಿ ಹೋಗುವುದೇ ಇಲ್ಲ, ಎರಡೂ ಕಡೆಯಿಂದ ಐದನ್ನು ಕಳೆಯುತ್ತೇವೆ ಎಂದು ತೋರಿಸಲು ಒಂದು ಪೀರಿಯಡ್ಡು ಪೂರ್ತಿ ಹಿಡಿಯಿತು. ಕೊನೆಗೆ ಅವಳು, "ಓ, ಅಷ್ಟೇನಾ?" ಎಂದಳು, ಇಷ್ಟು ದಿನ ಬಚ್ಚಿಟ್ಟಿದ್ದೆ ಎಂಬಂತೆ.

ಇನ್ನೇನು ಎಡಗೈಗಳು ಕಡಿಮೆಯಾಗುತ್ತವೆ, ನಕ್ಷೆ ಬರೆದು ತೋರಿಸಿದರೆ ಮುಗಿಯಿತು ಎಂದುಕೊಂಡೆ. ಎಲ್ಲಿ? ಎಡಗೈಗಳು ಹೆಚ್ಚಾದವು! ವಾರ ವಾರಕ್ಕೂ ಹೆಚ್ಚಾದವು. ಅಲ್ಲಿಯವರೆಗೆ ಬಲಗೈ ಎತ್ತುತ್ತಿದ್ದ ಜಾಣರೂ, "ಮಿಸ್ ಪಿ, ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ," ಎಂದು ಎಡಗೈಗೆ ಬಂದರು. ನನ್ನ ನಕ್ಷೆಯ ಗೆರೆ ಹೋಗಬಾರದ ಕಡೆಗೆ ಏರತೊಡಗಿತು. ಇದನ್ನು ಪರೀಕ್ಷಕರ ಮುಂದಿಡುವುದು ಹೇಗೆ? ಸ್ವಲ್ಪ ತಿದ್ದಿದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಒಂದು ಗಳಿಗೆ ಅನ್ನಿಸಿತು. ಗಿರಿಜಾಳಿಂದ ಬಂದ ಕಾಗದದಲ್ಲಿ, "ಅಲ್ಲಿ ಚಳಿಗೆ ಎಂಥ ಸ್ವೆಟರು ಬೇಕು?" ಎಂದಿತ್ತು. ಅದಕ್ಕೆ ಉತ್ತರ ಬರೆಯಲಾಗದೆ ಮಡಚಿಟ್ಟೆ. ಗೆರೆಯನ್ನು ಮಾತ್ರ ತಿದ್ದಲಿಲ್ಲ.

ಮತ್ತೆ ಗುಡ್ಡದ ಮೇಲೆ

ಮೇ ಕೊನೆಯಲ್ಲಿ ಮೌಖಿಕ ಪರೀಕ್ಷೆ. ಜೋನ್ ಅಲ್ಲದೆ ಇನ್ನಿಬ್ಬರು. ಅವರಲ್ಲಿ ಕೊರಳಿಗೆ ಬೋ ಟೈ ಕಟ್ಟಿಕೊಂಡ ಒಬ್ಬರು ನನ್ನ ನಕ್ಷೆಯನ್ನು ಎತ್ತಿ ಹಿಡಿದರು.

"ನೀವು ಪಾಠ ಶುರುಮಾಡಿದಾಗ ಗೊತ್ತಿಲ್ಲದವರು ಕಡಿಮೆ. ಮುಗಿಸಿದಾಗ ಹೆಚ್ಚು. ಅಂದರೆ ನಿಮ್ಮ ಬೋಧನೆಯಿಂದ ಅಜ್ಞಾನ ಬೆಳೆಯಿತು ಎಂದು ತಿಳಿಯಬೇಕೇ?"

ವರ್ಷವಿಡೀ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು. ಇಂಗ್ಲಿಷಿನ ವ್ಯಾಕರಣವನ್ನೂ ಲೆಕ್ಕಿಸಲಿಲ್ಲ.

"ಮೊದಲೂ ಇಷ್ಟೇ ಜನಕ್ಕೆ ಗೊತ್ತಿರಲಿಲ್ಲ ಸಾರ್! ಗೊತ್ತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೇ. ಈಗ ಗೊತ್ತಾಗಿದೆ. ಇನ್ನೊಂದು ವರ್ಷ ಕೊಡಿ, ಗೆರೆಯನ್ನು ಇಳಿಸಿ ತೋರಿಸುತ್ತೇನೆ. ಈ ವರ್ಷದ್ದು ಇಷ್ಟೇ. ಬೇಕಾದರೆ ಫೇಲು ಮಾಡಿ!"

ಕೆಟ್ಟೆನಲ್ಲ ಎಂದುಕೊಂಡೆ. ನನ್ನನ್ನು ಹೊರಗೆ ಕಳಿಸಿದರು. ಅಲ್ಲಿಂದ ಕೊಲ್ಲಿ ಇಡೀ ಕಾಣುತ್ತದೆ ಎನ್ನುತ್ತಾರೆ. ನನಗೆ ಏನೂ ಕಾಣಲಿಲ್ಲ, ಕಣ್ಣಲ್ಲಿ ನೀರಿತ್ತು. ಬಾಗಿಲು ತೆರೆದ ಜೋನ್ ನನ್ನನ್ನು ತಬ್ಬಿಕೊಂಡರು. ಪಾಸಾಗಿತ್ತು. ಬೋ ಕಟ್ಟಿದವರು ಕೈ ಕುಲುಕಿ, ನನ್ನ ಪ್ರಬಂಧಕ್ಕಿಂತ ನನ್ನ ಉತ್ತರ ಚೆನ್ನಾಗಿತ್ತು, ಅದನ್ನೂ ಒಳಗೆ ಸೇರಿಸಿ ಎಂದರು. ಮತ್ತೆ ಟೈಪು ಮಾಡಬೇಕಾಯಿತು!

ಹಾಸನ

ಊರಿಗೆ ಬಂದು ಡಿಗ್ರಿಯನ್ನೂ ಪ್ರಬಂಧವನ್ನೂ ಅಧ್ಯಕ್ಷರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೆಟ್ಟಗೆ ಕೊನೆಯ ಅಧ್ಯಾಯಕ್ಕೆ ಹೋದರು.

"ಗೊತ್ತಿಲ್ಲದೋರ ಸಂಖ್ಯೆ ಜಾಸ್ತಿ ಆಯ್ತು ಅಂತ ಬರೆದಿದೀರಲ್ಲ!"

"ಹೌದು ಸಾರ್, ಯಾಕೆ ಅಂದ್ರೆ..."

"ಇದಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತೇನಮ್ಮ? ಇನ್ನೊಬ್ಬರನ್ನ ಕಳಿಸಿದ್ರೆ ಇನ್ನೂ ಜಾಸ್ತಿ ಆಗುತ್ತೆ. ಸಾಕು ಬಿಡಿ."

ಅಷ್ಟೇ. ಡಿಗ್ರಿ ತಂದರೂ ಬಾಗಿಲು ಮುಚ್ಚಿತು. ಸ್ಟಾಫ್ ರೂಮಿಗೆ ಬಂದು ಗಿರಿಜಾಳಿಗೆ ಹೇಳಿದೆ. ಅವಳು ಪ್ರಬಂಧವನ್ನು ಕೇಳಿ ಮನೆಗೆ ತೆಗೆದುಕೊಂಡು ಹೋದಳು. ಮಾರನೆಯ ವಾರ ಬಂದು, "ಅಕ್ಕ, ಇವತ್ತು ನನ್ನ ಎಂಟನೇ ಕ್ಲಾಸಿಗೆ ಬಂದು ಹಿಂದೆ ಕೂತ್ಕೊಳ್ತೀರಾ?" ಎಂದಳು.

ನಮ್ಮ ಶಾಲೆಯಲ್ಲಿ ಒಬ್ಬ ಟೀಚರು ಇನ್ನೊಬ್ಬ ಟೀಚರನ್ನು ಹಾಗೆ ಕರೆದದ್ದು ನಾನು ಕೇಳಿರಲಿಲ್ಲ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಗಿರಿಜಾ ಮೈನಸ್ಸನ್ನು ಮೈನಸ್ಸಿನಿಂದ ಗುಣಿಸುವ ಲೆಕ್ಕ ಮಾಡಿಸಿ, "ಗೊತ್ತಾಗದೇ ಇರೋರು ಯಾರಿದೀರಿ?" ಎಂದು ಕೇಳಿದಳು. ಹುಡುಗಿಯರು ತಿರುಗಿ ತಿರುಗಿ ನನ್ನನ್ನು ನೋಡಿದರು. ಒಬ್ಬಳೂ ಅಲ್ಲಾಡಲಿಲ್ಲ.

ಗಿರಿಜಾ ಸೀಮೆಸುಣ್ಣ ಕೆಳಗಿಟ್ಟಳು. "ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ಸು ಯಾಕಾಗುತ್ತೆ ಅಂತ ನನಗೂ ಗೊತ್ತಿಲ್ಲ ಕಣ್ರೇ. ನಮ್ಮ ಮೇಷ್ಟ್ರು ಹೇಳಿದ್ರು, ನಾನು ನಿಮಗೆ ಹೇಳ್ದೆ," ಎಂದಳು.

ಮುಂದಿನ ಬೆಂಚಿನಿಂದ ಒಂದು ಕೈ ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹಿಂದಿನ ಬೆಂಚಿನವರೆಗೂ ಕೈಗಳು ಎದ್ದವು, ನನ್ನ ಪಕ್ಕದಲ್ಲಿ ಕೂತಿದ್ದವಳೂ ಎತ್ತಿದಳು.